ಓಟು ಹಾಕುವ ಮೊದಲು ನಾನು ತೆರೆಯುವ ಪುಟ

ನಾನು ಷೇರು ಇಟ್ಟುಕೊಂಡಿರುವ ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ನಾನು ಅದನ್ನು ಹಿಂದಿನಿಂದ ಓದುತ್ತೇನೆ. ಕೊನೆಯಲ್ಲಿರುವ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ 'ರಿಲೇಟೆಡ್ ಪಾರ್ಟಿ' ವ್ಯವಹಾರಗಳ ಪಟ್ಟಿ ಇರುತ್ತದೆ. ಕಂಪನಿ ನಡೆಸುವವರು, ಅವರ ಮನೆಯವರು, ಅವರ ಬೇರೆ ಸಂಸ್ಥೆಗಳು, ಇವರೆಲ್ಲರ ಜೊತೆ ಎಷ್ಟು ದುಡ್ಡು ಓಡಾಡಿದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಈ ರೂಢಿ ಶುರುವಾಗಿದ್ದು ಷೇರುದಾರರ ಒಂದು ಸಭೆಯ ನೋಟಿಸ್‌ನಿಂದ. ಆ ಕಂಪನಿಯಲ್ಲಿ ನನ್ನವು ಒಂದಷ್ಟು ಷೇರುಗಳಿದ್ದವು. ಅಲ್ಲಿಯವರೆಗೆ ಎಲ್ಲ ನಿರ್ಣಯಕ್ಕೂ ಸುಮ್ನೆ 'ಪರ' ಅಂತ ಒತ್ತುತ್ತಿದ್ದೆ. ಅವತ್ತು ಮರುನೇಮಕಕ್ಕೆ ನಿಂತಿದ್ದ ಒಬ್ಬ ಸ್ವತಂತ್ರ ನಿರ್ದೇಶಕರ, ಅಂದರೆ ಕಂಪನಿ ನಡೆಸುವವರ ಜೊತೆ ನಂಟಿಲ್ಲದೆ ಅವರ ಮೇಲೆ ಕಣ್ಣಿಡಬೇಕಾದವರ, ಪರಿಚಯ ಪೂರ್ತಿ ಓದಿದೆ. ಹನ್ನೊಂದು ವರ್ಷದಿಂದ ಅದೇ ನಿರ್ದೇಶಕ ಮಂಡಳಿಯಲ್ಲಿದ್ದರು. ಲೆಕ್ಕಪತ್ರದ ಮೇಲೆ ಕಣ್ಣಿಡುವ ಆಡಿಟ್ ಸಮಿತಿಯ ಅಧ್ಯಕ್ಷರೂ ಅವರೇ. ಹಾಜರಿ ಪಟ್ಟಿ ನೋಡಿದರೆ ಆರು ಸಭೆಗಳಲ್ಲಿ ಮೂರಕ್ಕೆ ಮಾತ್ರ ಬಂದಿದ್ದರು. ನೂರಾರು ಪುಟ ದಾಟಿದ ಮೇಲೆ, ಸಣ್ಣ ಅಕ್ಷರದಲ್ಲಿ, ಅವರ ಮಗ ಪಾಲುದಾರರಾಗಿದ್ದ ಸಲಹಾ ಸಂಸ್ಥೆಗೆ ಕಂಪನಿ ಶುಲ್ಕ ಕೊಟ್ಟ ಒಂದು ಸಾಲು ಸಿಕ್ಕಿತು. ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಲೆಕ್ಕ ಕೇಳಬೇಕಾದವರ ಮನೆಗೇ ಅದೇ ಲೆಕ್ಕದಿಂದ ದುಡ್ಡು ಹೋಗುತ್ತಿತ್ತು.

2001ರ ಡಿಸೆಂಬರ್‌ನಲ್ಲಿ ದಿವಾಳಿಯಾದ ಅಮೆರಿಕದ ಇಂಧನ ಕಂಪನಿ ಎನ್ರಾನ್ ನನಗೆ ನೆನಪಾಯಿತು. ಆ ಮಂಡಳಿಯಲ್ಲೂ ಹೆಚ್ಚಿನವರು ಹೊರಗಿನವರೇ. ಆಡಿಟ್ ಸಮಿತಿಯ ಮುಖ್ಯಸ್ಥರು ಲೆಕ್ಕಶಾಸ್ತ್ರದ ಪ್ರಾಧ್ಯಾಪಕರು. ಆದರೂ ಹಣಕಾಸು ಅಧಿಕಾರಿ ತಾನೇ ನಡೆಸುವ ಪಾಲುದಾರಿಕೆಗಳ ಜೊತೆ ಕಂಪನಿ ವ್ಯವಹಾರ ಮಾಡುವುದಕ್ಕೆ, ತನ್ನದೇ ನೀತಿಸಂಹಿತೆಯನ್ನು ಬದಿಗಿಟ್ಟು, ಆ ಮಂಡಳಿ ಒಪ್ಪಿತು. ಕಂಪನಿಗಳ ಆಡಳಿತಕ್ಕಾಗಿ ಇರುವ ಬ್ರಿಟನ್ನಿನ ಸಂಹಿತೆಯಲ್ಲಿ ಒಂಬತ್ತು ವರ್ಷ ದಾಟಿದ ನಿರ್ದೇಶಕರು ಸ್ವತಂತ್ರರು ಅನ್ನುವುದಾದರೆ ಕಂಪನಿ ಕಾರಣ ಹೇಳಬೇಕು. ಇದು ಬಹಳ ಸರಿಯಾದ ನಿಯಮ ಅಂತ ನನಗನಿಸುತ್ತದೆ. ಹತ್ತು ವರ್ಷ ಜೊತೆಗೆ ಕೂತವರಿಗೆ 'ಬೇಡ' ಅನ್ನುವುದು ಸುಲಭವಲ್ಲ, ಅಲ್ವಾ?

ನಾನು ಕಂಪನಿ ಸೆಕ್ರೆಟರಿಗೆ ಪತ್ರ ಬರೆದೆ. 'ಎಲ್ಲವೂ ಕಾನೂನಿನ ಪ್ರಕಾರವೇ ಇದೆ' ಅಂತ ಎರಡು ಸಾಲಿನ ಉತ್ತರ ಬಂತು. ತಪ್ಪು ನನ್ನದೂ ಇತ್ತು. 'ಅವರು ನಿಜಕ್ಕೂ ಸ್ವತಂತ್ರರೇ?' ಅಂತ ಕೇಳಿದ್ದೆ. ಹಾಗೆ ಕೇಳಿದರೆ 'ಹೌದು' ಅಂದು ಮುಗಿಸಬಹುದು. ಜೊತೆಗೆ ಪತ್ರ ಹೋಗಿದ್ದು ಸಭೆಗೆ ಎರಡೇ ದಿನ ಇದ್ದಾಗ. ಅಷ್ಟರಲ್ಲಿ ಜನರ ಹಣ ಹೂಡುವ ದೊಡ್ಡ ಫಂಡ್‌ಗಳು ಓಟು ಹಾಕಿಯಾಗಿತ್ತು. ನಿರ್ಣಯ ಪಾಸಾಯಿತು.

ಆ ಕಂಪನಿಯಲ್ಲಿ ನಿರ್ದೇಶಕರ ಆಯ್ಕೆ ಪ್ರತಿ ವರ್ಷ ನಡೆಯುತ್ತದೆ. ಮುಂದಿನ ಸಲ ನೋಟಿಸ್ ಬಂದ ದಿನವೇ ಬರೆದೆ. ಶುಲ್ಕ ಎಷ್ಟು? ಯಾವ ಕೆಲಸಕ್ಕೆ? ಆ ಒಪ್ಪಂದ ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋದರೇ? ಪತ್ರದ ಪ್ರತಿಯನ್ನು ಷೇರು ಹೊಂದಿದ್ದ ಫಂಡ್‌ಗಳಿಗೂ ಕಳಿಸಿದೆ. ಇದು ಬಹಳ ಮುಖ್ಯ. 2021ರಲ್ಲಿ ಎಂಜಿನ್ ನಂಬರ್ ವನ್ ಅನ್ನುವ ಪುಟ್ಟ ಫಂಡ್ ಅಮೆರಿಕದ ತೈಲ ಕಂಪನಿ ಎಕ್ಸಾನ್ ಮೊಬಿಲ್‌ನ ಮಂಡಳಿಗೆ ತಾನು ಸೂಚಿಸಿದ ಮೂವರನ್ನು ಕಳಿಸಿತು. ಅದರ ಕೈಯಲ್ಲಿದ್ದ ಷೇರು ಶೇಕಡಾ 0.02ರಷ್ಟು. ಗೆಲ್ಲಿಸಿದ್ದು ದೊಡ್ಡ ಫಂಡ್‌ಗಳ ಓಟು.

ನಮ್ಮಲ್ಲಿ ಸೋಲಿಸುವುದು ಸಾಧ್ಯವಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಷೇರು ಒಂದೇ ಕುಟುಂಬದ್ದು. ಹಾಗಾಗಿ ಫಲಿತಾಂಶ ಬಂದಾಗ ಒಟ್ಟು ಅಂಕಿ ಬಿಟ್ಟು, ಆ ಕುಟುಂಬದ ಓಟು ಕಳೆದು ಲೆಕ್ಕ ಹಾಕಿದೆ. ಉಳಿದ ಓಟುಗಳಲ್ಲಿ ಹತ್ತಿರ ಹತ್ತಿರ ಅರ್ಧ ವಿರುದ್ಧ ಬಿದ್ದಿದ್ದವು. ಆ ಕಾಗದ ನೋಡಿ ನನಗೆ ಕಣ್ಣು ತುಂಬಿ ಬಂತು.

ನಾಲ್ಕು ತಿಂಗಳಿಗೆ ಆಡಿಟ್ ಸಮಿತಿಗೆ ಬೇರೆ ಅಧ್ಯಕ್ಷರು ಬಂದರು. ಮುಂದಿನ ವರದಿಯಲ್ಲಿ ಶುಲ್ಕದ ಆ ಸಾಲು ಇರಲಿಲ್ಲ. ಆ ಹಳೆಯ ಅಧ್ಯಕ್ಷರು ಮಂಡಳಿಯಲ್ಲಿ ಈಗಲೂ ಇದ್ದಾರೆ. ಈ ವರ್ಷದ ನೋಟಿಸ್ ಮೊನ್ನೆ ಬಂತು. ಹೊಸ ಅಧ್ಯಕ್ಷರ ಪರಿಚಯ ಓದಿಯಾಯಿತು, ಟಿಪ್ಪಣಿಗಳು ಇನ್ನೂ ಬಾಕಿ ಇವೆ.