ಬಾಕ್ಸ್ ಅಳತೆ ಪುಟದಲ್ಲೇ ಗ್ರಾಹಕರು ನಿಂತುಬಿಡುತ್ತಿದ್ದರೆ

ಕಾರ್ಟನ್ ಬಾಕ್ಸ್ ವಿನ್ಯಾಸ ಮಾಡಿ ದರ ನೋಡುವ ಆನ್‌ಲೈನ್ ಟೂಲ್‌ನಲ್ಲಿ ಜನ ಅಳತೆ ತುಂಬುವ ಪುಟದಿಂದಲೇ ವಾಪಸ್ ಹೋಗುತ್ತಿದ್ದರು. ಮುಂದುವರಿದು ಆರ್ಡರ್ ಕೊಟ್ಟವರಿಗೂ ಬಾಕ್ಸ್ ಬಿಗಿಯಾಗಿ, ಸಾಮಾನು ಒಳಗೆ ಕೂರುತ್ತಿರಲಿಲ್ಲ.

ಬಟನ್ ಬಣ್ಣ ಬದಲಿಸಿದ್ದು, ವಿಡಿಯೊ ಹಾಕಿದ್ದು, ಖಾನೆ ಪಕ್ಕ ಸಹಾಯದ ಸಾಲು ಸೇರಿಸಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕೆಲವರನ್ನು ಕೂರಿಸಿ ಟೂಲ್ ಬಳಸಲು ಹೇಳಿ ಗಮನಿಸುವ ಬಳಕೆ ಪರೀಕ್ಷೆಯಲ್ಲಿ ಎಲ್ಲ ಸಲೀಸಾಗಿಯೇ ಕಾಣುತ್ತಿತ್ತು. ಅವರ ಕೈಗೆ ಕೊಡುವ ಟಾಸ್ಕ್ ಹಾಳೆಯಲ್ಲೇ ಅಳತೆ ಬರೆದಿದ್ದರೆ ಹಾಗೇ ಆಗುವುದು.

ಕೆಲಸ ಮಾಡಿದ್ದು ಇದು: ಪರೀಕ್ಷೆಗೆ ಬಂದವರಿಗೆ ಅಂಕಿ ಕೊಡಬೇಡಿ, ವಸ್ತು ಕೊಡಿ. ಉಪ್ಪಿನಕಾಯಿ ಜಾಡಿ, ಒಂದು ಟೇಪು ಮುಂದಿಟ್ಟು "ಇದಕ್ಕೆ 500 ಬಾಕ್ಸ್ ಬೇಕು, ದರ ನೋಡಿ" ಎಂದಷ್ಟೇ ಹೇಳಿ ಸುಮ್ಮನಿರಿ. ಇಂಚಿನಲ್ಲಿ ಅಳೆದು ಮಿ.ಮೀ. ಖಾನೆಯಲ್ಲಿ 4 ಎಂದು ಹಾಕುತ್ತಾರೆ. ಒಳ ಅಳತೆಯೋ ಹೊರ ಅಳತೆಯೋ ತಿಳಿಯದೆ ಕರ್ಸರ್ ಖಾಲಿ ಖಾನೆಯಲ್ಲೇ ಮಿಟುಕುತ್ತಿರುತ್ತದೆ.

ಪುಟದ ಕ್ರಮವನ್ನು ಹೀಗೆ ಮಾಡಿ. ಮೊದಲು ಇಂಚು, ಸೆಂ.ಮೀ., ಮಿ.ಮೀ. ಆಯ್ಕೆ. ಆಮೇಲೆ "ನಿಮ್ಮ ವಸ್ತುವಿನ ಉದ್ದ, ಅಗಲ, ಎತ್ತರ". ಸಡಿಲ ಬಿಟ್ಟು ಒಳ ಅಳತೆ, ಅದರಿಂದ ಹೊರ ಅಳತೆ ಟೂಲೇ ಲೆಕ್ಕ ಹಾಕಲಿ. ಮಾಮೂಲಿ ಮಡಚು ಬಾಕ್ಸಿಗೆ ಉದ್ದ, ಅಗಲಕ್ಕೆ ಬೋರ್ಡ್ ದಪ್ಪದ 2 ಪಟ್ಟು, ಎತ್ತರಕ್ಕೆ 4 ಪಟ್ಟು ಸೇರಿಸಬೇಕು; ಮೇಲೂ ಕೆಳಗೂ ಬಾಕ್ಸ್ ಮುಚ್ಚುವ ರೆಕ್ಕೆಗಳು ಎರಡೆರಡು ಪದರ ಕೂರುತ್ತವೆ. ಮಿ.ಮೀ.ನಲ್ಲಿ 20ಕ್ಕಿಂತ ಕಡಿಮೆ ಅಂಕಿ ಬಂದರೆ "ಇದು ಇಂಚೇ?" ಎಂದು ಅಲ್ಲೇ ಕೇಳಲಿ. ಪ್ಲೈ (ಬೋರ್ಡಿನಲ್ಲಿ ಎಷ್ಟು ಪದರ), ಪ್ರಿಂಟು ಆಮೇಲೆ. ದರ ಲಾಗಿನ್‌ಗೆ ಮೊದಲೇ ಕಾಣಲಿ, ಜಿಎಸ್‌ಟಿ ಬೇರೆ ಸಾಲಿನಲ್ಲಿ.