ಏರ್ ತೆಗೆದರೂ ಮತ್ತೆ ಮೆತ್ತಗಾದ ಬ್ರೇಕ್ ಪೆಡಲ್: ನನ್ನ ಅನುಭವ

ಕಳೆದ ಮಳೆಗಾಲ ಮುಗಿದ ಮೇಲೆ, ಹೆಬ್ರಿಯ ಕಡೆಯ ನೆಂಟರ ಮದುವೆಗೆಂದು ತೀರ್ಥಹಳ್ಳಿಯಿಂದ ಹೊರಟು ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುತ್ತಿದ್ದಾಗ, ಕೊನೆಯ ಎರಡು ಮೂರು ತಿರುವುಗಳಲ್ಲಿ ಬ್ರೇಕ್ ಪೆಡಲ್ ಎಂದಿಗಿಂತ ಹೆಚ್ಚು ಒಳಗೆ ಹೋಗುತ್ತಿರುವುದು ಕಾಲಿಗೆ ತಿಳಿಯಿತು. ಬ್ರೇಕ್ ಹಿಡಿಯುತ್ತಿತ್ತು, ಆದರೆ ಗಟ್ಟಿ ನೆಲದ ಮೇಲೆ ಕಾಲಿಟ್ಟಂತೆ ಇರಬೇಕಾದ ಪೆಡಲ್, ನಾಟಿ ಗದ್ದೆಯ ಕೆಸರಿನಲ್ಲಿ ಕಾಲಿಟ್ಟಂತೆ ಮೆತ್ತಗಿತ್ತು. ಗೇರ್ ಇಳಿಸಿ, ನಿಧಾನವಾಗಿ ಸೋಮೇಶ್ವರ ತಲುಪಿ, ಗಾಡಿಯನ್ನು ಪರಿಚಯದವರ ಅಂಗಳದಲ್ಲಿ ಬಿಟ್ಟು ಬಸ್ಸಿನಲ್ಲಿ ಮದುವೆಗೆ ಹೋದೆವು.

ಮೊದಲು ನನಗೆ ಬಂದ ಸಂದೇಹ ಬ್ರೇಕ್ ಆಯಿಲ್ ಮೇಲೆ. ನಾವು ಬ್ರೇಕ್ ಆಯಿಲ್ ಎಂದು ಕರೆಯುವ ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಬ್ರೇಕ್ ಆಯಿಲಿನ ದರ್ಜೆಗಳನ್ನು ಡಾಟ್ ಎಂಬ ಹೆಸರಿನಿಂದ ಗುರುತಿಸುತ್ತಾರೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ದರ್ಜೆಯಲ್ಲಿ ಇದೇ ಲೆಕ್ಕ 230 ಮತ್ತು 155. ಘಾಟಿ ಇಳಿಯುವಾಗ ಕಾದ ಡಿಸ್ಕಿನ ಬಿಸಿಗೆ ಆಯಿಲ್ ಕುದಿದರೆ ಅಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ, ಪೆಡಲಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಅದುಮುವುದರಲ್ಲಿಯೇ ಕಳೆದುಹೋಗುತ್ತದೆ. ಆದರೆ ಆವಿ ತಣಿದರೆ ಮತ್ತೆ ದ್ರವವಾಗಬೇಕು, ಪೆಡಲ್ ಗಟ್ಟಿಯಾಗಬೇಕು. ಮರುದಿನ ಬೆಳಿಗ್ಗೆ, ಗಾಡಿ ಪೂರ್ತಿ ತಣ್ಣಗಿದ್ದಾಗಲೂ ಪೆಡಲ್ ಮೆತ್ತಗೇ ಇತ್ತು. ಜೊತೆಗೆ, ಆಷಾಢದಲ್ಲಿ ಇದೇ ತೊಂದರೆ ಬಂದಾಗ ನಾನೇ ಏರ್ ತೆಗೆದು, ಅಂದರೆ ಬ್ರೇಕ್ ಪೈಪುಗಳೊಳಗೆ ಸೇರಿದ್ದ ಗಾಳಿಯನ್ನು ಹೊರಹಾಕಿ, ಹೊಸ ಆಯಿಲ್ ತುಂಬಿದ್ದೆ. ಕೆಲವು ವಾರ ಚೆನ್ನಾಗಿದ್ದದ್ದು ಮತ್ತೆ ಕೆಟ್ಟಿದೆಯೆಂದರೆ, ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ ಎಂದೇ ಅರ್ಥ. ಆ ದಾರಿಯನ್ನು ಹುಡುಕದೆ ಏರ್ ಮಾತ್ರ ತೆಗೆದದ್ದು ನನ್ನ ತಪ್ಪು.

ಗಾಡಿಯನ್ನು ಟೋಯಿಂಗ್ ವಾಹನದಲ್ಲಿ ಮನೆಗೆ ತರಿಸಿ, ಅಡಿಕೆ ಒಣಗಿಸುವ ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿಕೊಂಡು, ಏನನ್ನೂ ಬಿಚ್ಚುವ ಮೊದಲು ಕಾಲಿನಿಂದಲೇ ಪರೀಕ್ಷೆ ಮಾಡಿದೆ. ಇಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದೇ ಸಮನೆ ಒಂದು ನಿಮಿಷ ಒತ್ತಿ ಹಿಡಿದಾಗ ಅದು ಕೆಳಗೆ ಜಾರಲಿಲ್ಲ. ಆದ್ದರಿಂದ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ವಾಷರ್ ಮೇಲಿನ ಸಂದೇಹವನ್ನು ಸದ್ಯಕ್ಕೆ ಬದಿಗಿಟ್ಟೆ. ಬೇಗ ಬೇಗ ನಾಲ್ಕೈದು ಸಲ ಒತ್ತಿದಾಗ ಪೆಡಲ್ ಮೇಲೆದ್ದು ಗಟ್ಟಿಯಾಯಿತು. ಇದಕ್ಕೆ ಆಯಿಲಿನ ಪೈಪ್ ಲೈನಿನಲ್ಲಿ ಗಾಳಿಯಾದರೂ ಕಾರಣವಿರಬೇಕು, ಹಿಂದಿನ ಬ್ರೇಕ್ ಶೂಗಳಿಗೂ ಅವು ಒಳಗಿನಿಂದ ಒತ್ತಿ ನಿಲ್ಲಿಸುವ, ಚಕ್ರದ ಜೊತೆ ತಿರುಗುವ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಾದದ್ದಾದರೂ ಇರಬೇಕು. ಹ್ಯಾಂಡ್ ಬ್ರೇಕ್ ಎಳೆದರೆ ಹಿಂದಿನ ಶೂಗಳು ಡ್ರಮ್ಮಿಗೆ ತಾಗಿ ಆ ಅಂತರ ಇಲ್ಲವಾಗುತ್ತದೆ. ಎಳೆದು ನೋಡಿದೆ, ಪೆಡಲಿನ ಮೆತ್ತನೆಯ ಗುಣ ಬದಲಾಗಲಿಲ್ಲ. ಹಾಗಾಗಿ ಉಳಿದದ್ದು ಗಾಳಿ.

ಬ್ರೇಕ್ ಆಯಿಲ್ ತುಂಬುವ ಡಬ್ಬಿಯಾದ ರಿಸರ್ವಾಯರಿನಲ್ಲಿ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳಿನಷ್ಟು ಇಳಿದಿತ್ತು. ಮುಂದಿನ ಪ್ಯಾಡ್ ಸವೆದರೂ ಮಟ್ಟ ಇಳಿಯುತ್ತದೆ ಎಂದು ಇಷ್ಟು ದಿನ ಅದನ್ನು ಗಮನಿಸಿರಲಿಲ್ಲ. ಪೈಪು, ರಬ್ಬರ್ ಹೋಸ್, ಮುಂದಿನ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಲ್ಲವೂ ಒಣಗಿದ್ದವು. ಹಿಂದಿನ ಎಡ ಚಕ್ರವನ್ನು ಕಳಚಿ, ಮಳೆಗಾಲದ ತುಕ್ಕಿಗೆ ಅಂಟಿಕೊಂಡಿದ್ದ ಡ್ರಮ್ಮನ್ನು ಅದರಲ್ಲಿಯೇ ಇರುವ ತಿರುಪಿನ ಎಳೆಗಳುಳ್ಳ ಎರಡು ತೂತುಗಳಿಗೆ ಬೋಲ್ಟ್ ಹಾಕಿ ಸಮವಾಗಿ ಬಿಗಿಯುತ್ತ ಹೊರಗೆ ತಂದೆ. ಒಳಗಿನ ಧೂಳನ್ನು ಊದಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದೆ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಮೇಲ್ನೋಟಕ್ಕೆ, ಆಯಿಲಿನ ಒತ್ತಡದಿಂದ ಶೂಗಳನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರ್ ಸರಿಯಾಗಿಯೇ ಕಂಡಿತು. ಅದರ ತುದಿಯಲ್ಲಿ ಧೂಳು ತಡೆಯುವ ರಬ್ಬರ್ ಮುಚ್ಚಳದ, ಅಂದರೆ ಬೂಟಿನ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲನೆ ಎತ್ತಿದಾಗ, ಒಳಗೆ ಕಟ್ಟಿಕೊಂಡಿದ್ದ ಕಾಫಿ ಕಷಾಯದ ಬಣ್ಣದ ಆಯಿಲ್ ಒಂದು ಎಳೆಯಾಗಿ ಶೂ ಮೇಲೆ ಇಳಿಯಿತು. ಕಾಣಬೇಕಾದದ್ದು ಕಂಡಿತು. ಒತ್ತಿದಾಗ ಹನಿ ಆಯಿಲ್ ಹೊರಗೆ ಬಿಡುವ ಸವೆದ ವಾಷರ್, ಪೆಡಲ್ ಬಿಟ್ಟಾಗ ಗಾಳಿಯನ್ನು ಒಳಗೆ ಎಳೆದುಕೊಳ್ಳಬಲ್ಲದು.

ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದುದರಿಂದ ವಾಷರ್ ಮಾತ್ರ ಬದಲಿಸದೆ, ಸಿಲಿಂಡರನ್ನೇ ಹೊಸದು ತಂದು ಹಾಕಿದೆ. ಆಯಿಲ್ ಕುಡಿದ ಶೂವನ್ನು ತೊಳೆದು ಮತ್ತೆ ಬಳಸಬಾರದು. ಎರಡೂ ಬದಿಯ ಹಿಂದಿನ ಶೂಗಳನ್ನು ಒಟ್ಟಿಗೇ ಬದಲಿಸಿದೆ, ಇಲ್ಲವಾದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ. ಬಲಗಡೆಯ ಬೂಟ್ ಒಳಗೆ ಒಣಗಿತ್ತು.

ಏರ್ ತೆಗೆಯಲು ತಮ್ಮನ ಮಗ ಪೆಡಲಿನ ಬಳಿ ಕುಳಿತ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟಿದ್ದೆ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ಎಂದೂ ಹೋಗದ ಭಾಗಕ್ಕೆ ತುಕ್ಕು ಹಿಡಿದಿರುತ್ತದೆ, ಪೆಡಲನ್ನು ತಳಕ್ಕೆ ಒತ್ತಿದರೆ ವಾಷರ್ ಅಲ್ಲಿ ಉಜ್ಜಿ ಹರಿಯಬಹುದು. ಗಾಳಿ ಹೊರಬಿಡಲು ವೀಲ್ ಸಿಲಿಂಡರಿನಲ್ಲಿರುವ ಸಣ್ಣ ತಿರುಪಾದ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿದೆ. ನಾನು "ಒತ್ತು" ಎಂದಾಗ ಅವನು ಒತ್ತುತ್ತಿದ್ದ, ನಾನು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿದ ಮೇಲೆಯೇ "ಬಿಡು" ಎನ್ನುತ್ತಿದ್ದೆ. ಬಿಗಿಯುವ ಮೊದಲು ಕಾಲು ಎತ್ತಿದರೆ ಗಾಳಿ ಹಿಂದಕ್ಕೆ ಹೋಗುತ್ತದೆ. ಮೊದಲು ಸಾಸಿವೆಯಷ್ಟು ಗುಳ್ಳೆಗಳ ಸಾಲು, ಬಳಿಕ ಒಂದು ದೊಡ್ಡ ಗುಳ್ಳೆ, ಆಮೇಲೆ ತಿಳಿಯಾದ ಆಯಿಲ್ ಬಂದಿತು. ನಡುನಡುವೆ ರಿಸರ್ವಾಯರ್ ತುಂಬುತ್ತಲೇ ಇದ್ದೆ. ಉಳಿದ ಮೂರು ಚಕ್ರಗಳಲ್ಲಿಯೂ ಹಳೆಯ ಆಯಿಲ್ ಪೂರ್ತಿ ಹೋಗುವವರೆಗೆ ಹೀಗೆಯೇ ಮಾಡಿದೆ. ಯಾವ ಚಕ್ರ ಮೊದಲು ಎಂಬುದು ಗಾಡಿಯಿಂದ ಗಾಡಿಗೆ ಬೇರೆಯಾಗುವುದರಿಂದ ಕೈಪಿಡಿ ನೋಡಿಕೊಂಡೆ. ಬಣ್ಣದ ಮೇಲೆ ಬಿದ್ದ ಹನಿಗಳನ್ನು ಕೂಡಲೇ ನೀರಿನಿಂದ ತೊಳೆದೆ.

"ದೊಡ್ಡಪ್ಪ, ಈಗ ಕಲ್ಲು ಒತ್ತಿದ ಹಾಗಿದೆ" ಎಂದ ಹುಡುಗ. ಮೊದಲು ಅಂಗಳದಲ್ಲಿ, ನಂತರ ತೋಟದ ದಾರಿಯಲ್ಲಿ ನಡಿಗೆಯ ವೇಗದಲ್ಲಿ ಬ್ರೇಕ್ ಹಿಡಿದು ನೋಡಿ, ಆಮೇಲೆ ರಸ್ತೆಗೆ ಇಳಿಸಿದೆ. ಹದಿನೈದು ದಿನ ಕಳೆದು ಎಡಗಡೆಯ ಡ್ರಮ್ಮನ್ನು ಮತ್ತೊಮ್ಮೆ ಬಿಚ್ಚಿ ಬೂಟಿನ ಅಂಚನ್ನು ಎತ್ತಿದೆ. ಒಳಗೆ ಒಣಗಿತ್ತು, ರಿಸರ್ವಾಯರಿನ ಮಟ್ಟವೂ ಮೇಲಿನ ಗೆರೆಯಲ್ಲಿಯೇ ಇತ್ತು.