ಪಾಲೆ ಗಾರ್ನಿಯೆ: ಮೊದಲು ಮೆಟ್ಟಿಲು, ಆಮೇಲೆ ಸಭಾಂಗಣ

ಪ್ಯಾರಿಸ್‌ನ ಪಾಲೆ ಗಾರ್ನಿಯೆ ಒಪೆರಾ ಭವನಕ್ಕೆ ಬರುವವರಲ್ಲಿ ಬಹಳ ಜನ ಒಳಗೆ ಕಾಲಿಟ್ಟ ಕೂಡಲೇ ಸಭಾಂಗಣ ಎಲ್ಲಿ ಅಂತ ಹುಡುಕುತ್ತಾರೆ. ನಾನು ಹೋಗುವ ಮೊದಲು ಕಟ್ಟಡದ ನಕ್ಷೆ ನೋಡಿಕೊಂಡಿದ್ದೆ. ಮೆಟ್ಟಿಲಿಗೆ, ಪಡಸಾಲೆಗಳಿಗೆ ಅಷ್ಟೊಂದು ಜಾಗ ಕೊಟ್ಟಿದ್ದು ಕಂಡು, ಮೊದಲು ಅಲ್ಲೇ ನಿಧಾನವಾಗಿ ಸುತ್ತಬೇಕು ಅಂತ ತೀರ್ಮಾನ ಮಾಡಿದೆ.

ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಂಡೆ, ಬೆಳಗಿನ ಮೊದಲ ಹೊತ್ತಿಗೆ. ತೆಗೆದುಕೊಳ್ಳುವಾಗ ಒಂದು ವಿಷಯ ಗಮನಿಸಿ. ತಾಲೀಮು ಇದ್ದರೆ ಸಭಾಂಗಣದ ಬಾಗಿಲು ತೆರೆಯುವುದಿಲ್ಲ. ಯಾವ ದಿನ ಮುಚ್ಚಿರುತ್ತದೆ ಅಂತ ವೆಬ್‌ಸೈಟಿನಲ್ಲಿ ನೋಡಿಕೊಂಡೇ ದಿನ ಆರಿಸಿ.

ಒಪೆರಾ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ ಕಟ್ಟಡದ ಮುಂಭಾಗ ನೇರವಾಗಿ ಎದುರಾಗುತ್ತದೆ. ಅದರ ಮುಂದಿನ ಒಪೆರಾ ಅವೆನ್ಯೂ ಎಂಬ ರಸ್ತೆಯಲ್ಲಿ ಒಂದು ಮರವೂ ಇಲ್ಲ. ಭವನ ದೂರದಿಂದಲೂ ಕಾಣಲಿ ಅಂತ ಬೇಕೆಂದೇ ಬಿಟ್ಟದ್ದು. ಆದರೆ ಹಗಲು ನೋಡಲು ಬರುವವರಿಗೆ ಬಾಗಿಲು ಇಲ್ಲಿಲ್ಲ. ಪಕ್ಕದಲ್ಲಿ ನಡೆದು, ಸ್ಕ್ರೀಬ್ ಮತ್ತು ಓಬೆರ್ ರಸ್ತೆಗಳು ಸೇರುವ ಮೂಲೆಗೆ ಹೋಗಬೇಕು.

ಆ ಪಕ್ಕದ ಗೋಡೆಗೆ ಅಂಟಿಕೊಂಡಂತೆ ಸಾರೋಟು ಹತ್ತಿಸುವ ಇಳಿಜಾರು ದಾರಿಯೊಂದಿದೆ. ಈ ಭವನದ ಕಥೆ ಶುರುವಾಗುವುದು ಇಂಥ ದಾರಿ ಯಾಕೆ ಬೇಕಾಯಿತು ಅನ್ನುವುದರಿಂದ. 1858ರ ಜನವರಿ 14ರಂದು ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಹಳೆಯ ಒಪೆರಾಕ್ಕೆ ಬರುತ್ತಿದ್ದಾಗ ಬೀದಿಯಲ್ಲಿ ಬಾಂಬ್ ಎಸೆದರು. ಅವನು ಬದುಕಿಕೊಂಡ, ಸುತ್ತ ಇದ್ದವರಲ್ಲಿ ಕೆಲವರು ಸತ್ತರು. ಚಕ್ರವರ್ತಿ ಸಾರೋಟಿನಲ್ಲೇ ಒಳಗೆ ಬರುವಂಥ ಹೊಸ ಭವನ ಬೇಕಾಯಿತು. 1861ರ ಸ್ಪರ್ಧೆಗೆ 171 ವಿನ್ಯಾಸಗಳು ಬಂದವು. ಗೆದ್ದವನು 35 ವರ್ಷದ ಶಾರ್ಲ್ ಗಾರ್ನಿಯೆ, ಆಗ ಅವನ ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಬಾಗಿಲು ತೆರೆದದ್ದು 1875ರ ಜನವರಿ 5ಕ್ಕೆ. ಅಷ್ಟರಲ್ಲಿ ಚಕ್ರವರ್ತಿ ಪಟ್ಟ ಕಳೆದುಕೊಂಡು, ಇಂಗ್ಲೆಂಡಿನಲ್ಲಿ ತೀರಿಕೊಂಡೂ ಆಗಿತ್ತು. ಅವನಿಗಾಗಿ ಕಟ್ಟಿದ ಆ ಭಾಗದಲ್ಲಿ ಈಗ ಒಪೆರಾದ ಗ್ರಂಥಾಲಯ, ಮ್ಯೂಸಿಯಂ ಇವೆ.

ಒಳಗೆ ಮೊದಲು ಸಿಗುವುದು ಸಭಾಂಗಣದ ಕೆಳಗಿನ ದುಂಡನೆಯ ಹಜಾರ. ಚಾವಣಿಯ ಬಳ್ಳಿ ಕೆತ್ತನೆಯನ್ನು ಕತ್ತೆತ್ತಿ ನೋಡುತ್ತಾ ನಿಂತೆ. ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಅದರ ಸುರುಳಿಗಳಲ್ಲಿ ಗಾರ್ನಿಯೆಯ ಪೂರ್ತಿ ಹೆಸರು, 1861 ಮತ್ತು 1875 ಹೆಣೆದುಕೊಂಡಿವೆ. ಒಂದು ಅಕ್ಷರ ಹಿಡಿದ ಮೇಲೆ ಉಳಿದವು ಒಂದೊಂದಾಗಿ ಬಿಡಿಸಿಕೊಂಡವು.

ಅಲ್ಲಿಂದ ಮುಂದೆ ಬಂದರೆ ಮಹಾಮೆಟ್ಟಿಲು. ತಲೆಯ ಮೇಲೆ ಮೂವತ್ತು ಮೀಟರ್ ಎತ್ತರದ ಖಾಲಿ ಜಾಗ. ಕಾಲ ಕೆಳಗೆ ಬಿಳಿ ಅಮೃತಶಿಲೆ, ಕಟಕಟೆಗೆ ಕೆಂಪು ಮತ್ತು ಹಸಿರು ಕಲ್ಲು, ಹತ್ತುವಾಗ ಕೈಯಿಡುವ ಪಟ್ಟಿಗೆ ಓನಿಕ್ಸ್ ಅನ್ನುವ ಕಲ್ಲು. ಮೆಟ್ಟಿಲು ಬಾಗುತ್ತಾ ಮೇಲೇರಿ, ಎಡಕ್ಕೆ ಬಲಕ್ಕೆ ಕವಲೊಡೆಯುತ್ತದೆ. ಸುತ್ತಲೂ ಮಹಡಿ ಮಹಡಿಯಲ್ಲಿ ಪುಟ್ಟ ಬಾಲ್ಕನಿಗಳು. ಅವು ಯಾವುದೂ ರಂಗದ ಕಡೆ ಮುಖ ಮಾಡಿಲ್ಲ, ಎಲ್ಲವೂ ಮೆಟ್ಟಿಲನ್ನೇ ನೋಡುತ್ತವೆ. ನಮ್ಮ ಮದುವೆ ಮನೆಗಳಲ್ಲಿ ಯಾರು ಯಾವ ಸೀರೆ ಉಟ್ಟು ಬಂದರು ಅಂತ ಬಾಗಿಲ ಕಡೆಗೇ ಕಣ್ಣಿಡುತ್ತೇವಲ್ವಾ, ಆ ಆಸೆಯನ್ನು ಗಾರ್ನಿಯೆ ಕಲ್ಲಿನಲ್ಲಿ ಕಟ್ಟಿದ್ದಾನೆ. ಒಂದು ಬಾಲ್ಕನಿಯಲ್ಲಿ ನಿಂತು ಕೆಳಗೆ ಹತ್ತಿ ಬರುವವರನ್ನು ನೋಡಿದೆ. ಜೀನ್ಸ್, ಬ್ಯಾಗು, ಕೈಯಲ್ಲಿ ಫೋನು. ಆದರೂ ಮಧ್ಯಕ್ಕೆ ಬಂದವರೆಲ್ಲ ಒಂದು ಕ್ಷಣ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಮುಂದಿನ ದೊಡ್ಡ ಪಡಸಾಲೆ 54 ಮೀಟರ್ ಉದ್ದ. ಕನ್ನಡಿಗಳು, ಗೊಂಚಲು ದೀಪಗಳು, ಪೋಲ್ ಬೋಡ್ರಿ ಬಿಡಿಸಿದ ಚಾವಣಿ ಚಿತ್ರಗಳು. ಜನ ಮುಗಿಬೀಳುವುದು ಇಲ್ಲೇ. ನನಗೆ ಚಿನ್ನ ಸ್ವಲ್ಪ ಜಾಸ್ತಿ ಅನಿಸಿತು, ಬೇಗ ದಾಟಿದೆ.

ಹಗಲಲ್ಲಿ ಸಭಾಂಗಣವನ್ನು ಕೆಲವೇ ಸೀಟುಗಳ ಪುಟ್ಟ ಕೋಣೆಯಂಥ ಬಾಕ್ಸ್‌ಗಳಿಂದ ಮಾತ್ರ ನೋಡಬಹುದು. ಮೇಲೆ ಮಾರ್ಕ್ ಶಾಗಾಲ್ 1964ರಲ್ಲಿ ಬಿಡಿಸಿದ ಚಾವಣಿ. ಆಗ ಅವರಿಗೆ 77 ವರ್ಷ. ಕೆಂಪು, ಹಳದಿ, ನೀಲಿ, ಹಸಿರುಗಳಲ್ಲಿ ತೇಲುವ ದೇಹಗಳು, ನಡುವೆ ಪ್ಯಾರಿಸ್‌ನ ಗೋಪುರಗಳು. 19ನೇ ಶತಮಾನದ ಭವನಕ್ಕೆ ಇದು ಹೊಂದುವುದಿಲ್ಲ ಅಂತ ಆಗ ದೊಡ್ಡ ಜಗಳವೇ ಆಗಿತ್ತು. ನನಗೆ ಇದು ಬಹಳ ಇಷ್ಟವಾಯಿತು. ಅಷ್ಟು ಭಾರದ ಚಿನ್ನದ ನಡುವೆ ಉಸಿರಾಡಲು ಜಾಗ ಕೊಡುವುದು ಅದೊಂದೇ. ಹಳೆಯ ಚಿತ್ರವನ್ನು ಅಳಿಸಿಲ್ಲ, ಹೊಸದನ್ನು ಬೇರೆ ಹಲಗೆಗಳ ಮೇಲೆ ಬಿಡಿಸಿ ಕೆಳಗೆ ಕೂರಿಸಿದ್ದಾರೆ.

ಕಣ್ಣಿಗೆ ಬೀಳದ ಕೆಲಸವೂ ಇಲ್ಲಿ ಬಹಳ ಇದೆ. ಪಾಯ ತೋಡುವಾಗ ಅಂತರ್ಜಲ ಉಕ್ಕಿ, ತಿಂಗಳುಗಟ್ಟಲೆ ಪಂಪು ಓಡಿಸಬೇಕಾಯಿತು. ಕೊನೆಗೆ ಗಾರ್ನಿಯೆ ಅಡಿಯಲ್ಲೇ ದೊಡ್ಡ ನೀರಿನ ತೊಟ್ಟಿ ಕಟ್ಟಿದ. ಒಳಗಿನ ನೀರಿನ ಭಾರ ಕೆಳಗಿನ ನೀರಿನ ಒತ್ತಡವನ್ನು ತಡೆಯುತ್ತದೆ. ತೊಟ್ಟಿ ಇವತ್ತಿಗೂ ಇದೆ, ಅಗ್ನಿಶಾಮಕ ದಳದ ಈಜುಗಾರರು ಅದರಲ್ಲಿ ಅಭ್ಯಾಸ ಮಾಡುತ್ತಾರೆ. ಪ್ರವಾಸಿಗಳನ್ನು ಅಲ್ಲಿಗೆ ಬಿಡುವುದಿಲ್ಲ.

ಸಂಜೆ ಬ್ಯಾಲೆ ನೋಡಲು ಮತ್ತೆ ಬಂದೆ. ಅಗ್ಗದ ಸೀಟು, ಬದಿಯ ಬಾಕ್ಸಿನ ಹಿಂದಿನ ಸಾಲು. ಇಲ್ಲಿಂದ ರಂಗ ಪೂರ್ತಿ ಕಾಣುವುದಿಲ್ಲ ಅಂತ ಟಿಕೆಟ್ ಮಾರುವಾಗಲೇ ಹೇಳಿರುತ್ತಾರೆ. ನನಗೆ ಪರವಾಗಿರಲಿಲ್ಲ, ಎದ್ದು ನಿಂತರೆ ಮುಕ್ಕಾಲು ಪಾಲು ಕಾಣುತ್ತಿತ್ತು. ಬೆಳಿಗ್ಗೆ ನೋಡಿದ್ದಕ್ಕೆಲ್ಲ ಅರ್ಥ ಸಿಕ್ಕಿದ್ದು ವಿರಾಮದ ಹೊತ್ತಿನಲ್ಲಿ. ಬಾಲ್ಕನಿಗಳು ತುಂಬಿದವು, ಮಾತು ಮೇಲಕ್ಕೂ ಕೆಳಕ್ಕೂ ಹರಿಯಿತು. ದುಡ್ಡು ಒಂದಕ್ಕೇ ಸಾಲುವುದಾದರೆ, ಹಗಲಿನ ಟಿಕೆಟ್ ಬಿಟ್ಟು ಸಂಜೆಯದೇ ತೆಗೆದುಕೊಳ್ಳಿ.

ಮಾರನೆಯ ದಿನ ಓರ್ಸೆ ಮ್ಯೂಸಿಯಂಗೆ ಹೋದೆ (ಸೋಮವಾರ ರಜೆ). ಒಪೆರಾದ ಮುಂಭಾಗದಲ್ಲಿರುವ ಕುಣಿತದ ಶಿಲ್ಪ ನಕಲು. ಹೊಗೆ, ಮಳೆಗೆ ಸವೆಯುತ್ತಿದ್ದ, ಶಿಲ್ಪಿ ಕಾರ್ಪೋ ಮಾಡಿದ ಮೂಲ ಶಿಲ್ಪ ಈಗ ಓರ್ಸೆಯಲ್ಲಿದೆ. ಅದೇ ಮ್ಯೂಸಿಯಂನಲ್ಲಿ ಇಡೀ ಭವನವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಮಾದರಿಯೊಂದಿದೆ. ಒಂದು ಕಡೆ ರಂಗದ ಆಳವಾದ ಯಂತ್ರಲೋಕ, ಇನ್ನೊಂದು ಕಡೆ ಮೆಟ್ಟಿಲು ಮತ್ತು ಪಡಸಾಲೆಗಳು, ನಡುವೆ ಪುಟ್ಟದಾಗಿ ಸಭಾಂಗಣ. ಸಾಧ್ಯವಾದರೆ ಇದನ್ನು ಮೊದಲೇ ನೋಡಿಕೊಂಡು ಒಪೆರಾಕ್ಕೆ ಹೋಗಿ.